ಕಡಲಾಚೆಯ ಕಾನೂನು

ಹೆಸರು ಕರೆಯುವವನ ಗಂಟಲಲ್ಲಿ ಕಫ ಕಟ್ಟಿದೆ, ಒಂದೊಂದು ಹೆಸರಿನ ಹಿಂದೆಯೂ ಸಣ್ಣದೊಂದು ಗೊರಗೊರ, ಸಭೆಯ ಕಿಟಕಿಗಳಿಗೆ ಮಂಜು ಬಂದು ಅಂಟಿಕೊಂಡಿದೆ, ಬಂದರು ಕಾಣುವುದಿಲ್ಲ, ಕಡಲೂ ಕಾಣುವುದಿಲ್ಲ, ಆಚೆಗೆ ಇಂಗ್ಲೆಂಡ್ ಅನ್ನುವುದೊಂದು ಇದೆಯೋ ಇಲ್ಲವೋ ಅನ್ನುವ ಹಾಗೆ — ಓಝಾನ್, ಕಾಂತ್ರ್, ಲ ಪೆಲ್ಲಿ, ಕಾಂತ್ರ್, ಇಂಗ್ಲೆಂಡಿನ ಚರ್ಚಿನ ಶಿಸ್ತಿನ ಕಾನೂನು ಇಲ್ಲಿಗೂ ಬರಬೇಕೇ ಎಂಬ ಮತ, ಬೇಡ ಅನ್ನುವುದಕ್ಕೆ ಈ ದ್ವೀಪದಲ್ಲಿ ಇನ್ನೂ ಅಜ್ಜಂದಿರ ಫ್ರೆಂಚೇ ಆಗಬೇಕು, ಬೇಕು ಅನ್ನುವವರು ಪೂರ್ ಅನ್ನಬೇಕು, ಜೂಡಿತ್ ಕೆರಿಪೆಲ್‌ಳ ಸರದಿ ಇನ್ನೂ ಬಂದಿಲ್ಲ, ಅವಳದು ಕಾಂತ್ರ್ ಎಂದು ಎಲ್ಲರಿಗೂ ಗೊತ್ತು, ಅದನ್ನೇ ಹೇಳಿ ಚುನಾವಣೆ ಗೆದ್ದು ಬಂದವಳು. ಇಂಗ್ಲೆಂಡಿನ ಚರ್ಚಿನ ಕಾನೂನು ಇಂಗ್ಲೆಂಡಿನಲ್ಲೇ ಇರಲಿ, ನಮ್ಮ ಪಾದ್ರಿಯನ್ನು ನಾವು ನೋಡಿಕೊಳ್ಳುತ್ತೇವೆ, ಕಡಲು ದಾಟಿ ಬಂದು ವಿಚಾರಣೆ ನಡೆಸಲು ಅವರು ಯಾರು, ಎಂದು ಮೀನು ಮಾರುಕಟ್ಟೆಯ ಮೆಟ್ಟಿಲ ಮೇಲೆ ನಿಂತು ಕೂಗಿದ್ದಳು, ಚಪ್ಪಾಳೆ ಬಿದ್ದಿತ್ತು, ಪಾದ್ರಿ ಟೊರೋಡ್ ಕೂಡ ಹಿಂದೆ ನಿಂತು ತಟ್ಟಿದ್ದರು, ಅಗಲವಾದ ಮೆತ್ತನೆಯ ಕೈ. ಪಕ್ಕದ ಮುದುಕ ಟೊಸ್ಟೆವಿನ್ ಮೊಣಕೈಯಲ್ಲಿ ತಿವಿಯುತ್ತಾನೆ, ಏನಮ್ಮಾ, ಮುಖ ಸುಣ್ಣ ಬಳ್ದಂಗಾಗಿದೆ, ಸಮಸಮ ನಡೀತಿದೆ ಅಂತ ಹೆದರ್ಕೊಂಡ್ಯಾ, ನಿಂದೊಂದು ಬಿದ್ರೆ ಮುಗೀತು, ಬಿಷಪ್ಪು ಇಂಗ್ಲೆಂಡಲ್ಲೇ ಕೂತು ಚಹಾ ಕುಡೀಲಿ.

ಬ್ರೆಹೊ ಮನೆಯವರು ಬಿಷಪ್ಪನಿಗೇ ದೂರು ಕೊಟ್ಟಿದ್ದರು, ನಮ್ಮ ಹುಡುಗಿ ಚರ್ಚಿನ ಹಾಡುಗುಂಪು ಕಾಯರ್‌ನಿಂದ ಅಳುತ್ತಾ ಬರುತ್ತಾಳೆ ಎಂದು, ನಮ್ಮ ಕಾನೂನು ನಿಮ್ಮ ದ್ವೀಪದಲ್ಲಿ ನಡೆಯುವುದಿಲ್ಲವಲ್ಲ ಎಂದು ಬಿಷಪ್ಪರು ಕೈ ಚೆಲ್ಲಿದರು, ಆಮೇಲೆ ಬ್ರೆಹೊ ಮನೆಯ ಬೆಣ್ಣೆಯನ್ನು ಇಲ್ಲಿ ಯಾರೂ ಕೊಳ್ಳಲಿಲ್ಲ, ಹಡಗು ಹತ್ತಿ ಹೋದರು, ಆ ಹುಡುಗಿಗೆ ಮೊದ್ಲಿಂದ್ಲೂ ತಲೆ ನೆಟ್ಟಗಿರ್ಲಿಲ್ಲ ಬಿಡು ಎಂದರು ಜನ, ಜೂಡಿತ್ ಕೂಡ ಹೂಂಗುಟ್ಟಿದಳು — ದ ಗಾರಿಸ್, ಪೂರ್ — ಬೆಳಿಗ್ಗೆ ಮಗಳು ಎಲೀಸ್ ರೊಟ್ಟಿ ಮುಟ್ಟಲಿಲ್ಲ, ಒಲೆಯ ಸೆಕೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ನಿಂತಿದ್ದಳು, ಅಮ್ಮಾ ಇವತ್ತು ಸ್ಕೂಲ್ ಬಿಟ್ಮೇಲೆ ಕಾಯರ್‌ಗೆ ಹೋಗ್ಲೇಬೇಕಾ, ಹೋಗ್ದೆ ಇನ್ನೇನು, ಟೊರೋಡ್ ಅಯ್ಯನೋರು ನಿಂಗೊಬ್ಬಳಿಗೇ ಹಾಡೋಕೆ ಕೊಟ್ಟಿದಾರೆ, ಎಷ್ಟು ಜನಕ್ಕೆ ಹೊಟ್ಟೆಕಿಚ್ಚು ಗೊತ್ತಾ, ನಡಿ ನಡಿ, ಎಂದು ತಾನೇ ಬೆನ್ನ ಮೇಲೆ ಕೈಯಿಟ್ಟು ದೂಡಿದ್ದಳು, ಆ ಬೆನ್ನು ಹಲಗೆಯಂತೆ ಬಿಗಿದಿತ್ತು, ತನ್ನ ನಿಲುವಂಗಿ ತಾನೇ ಒಗೆದುಕೊಳ್ಳುತ್ತಾಳೆ ಈಚೆಗೆ, ಜಾಣೆ ಅಂದುಕೊಂಡಿದ್ದಳು. ದೂರದಲ್ಲಿ ಮಂಜಿನ ಕೊಂಬು ಕೂಗುತ್ತದೆ. ಈಗಷ್ಟೇ ಸಭೆಯ ಮೆಟ್ಟಿಲ ಮೇಲೆ ಗಂಡ ಡೇನಿಯಲ್ ಊಟದ ಬೀನ್ಸ್ ಗಡಿಗೆ ತಂದುಕೊಟ್ಟು, ಕೈಯ ಮರದ ಹುಡಿ ಒರೆಸಿಕೊಳ್ಳುತ್ತಾ, ಅಂದ್ಹಾಗೆ ಚರ್ಚಲ್ಲಿ ಕಾಯರ್ ಮಕ್ಳು ಉಡುಪು ಹಾಕ್ಕೊಳೋ ಕೋಣೆಗೆ ಚಿಲಕ ಹಾಕ್ಕೊಟ್ಟೆ ಕಣೇ, ಹಿತ್ತಾಳೇದು, ಒಳಗಡೆಯಿಂದ, ಎಂದಿದ್ದ. ಚಿಲಕ. ಈ ದ್ವೀಪದಲ್ಲಿ, ಮನೆಯ ಬೀಗದ ಕೈ ಮಾವನ ಕಾಲಕ್ಕೇ ಕಳೆದುಹೋಗಿ ಯಾರೂ ಹುಡುಕದ ಈ ದ್ವೀಪದಲ್ಲಿ. ಎಷ್ಟು ಮೇಲೆ ಹಾಕ್ಸಿದ್ರು ಅಂತೀಯ, ನಾನೇ ತೋಳೆತ್ಬೇಕು, ಮಕ್ಳಿಗೆ ಎಟುಕಲ್ವಲ್ಲ ಅಯ್ಯನೋರೆ ಅಂದೆ, ಎಟುಕಬಾರ್ದು ಅಂತ್ಲೇ ಕಣಪ್ಪಾ, ಆಟ ಆಡ್ತಾ ಹಾಕ್ಕೊಂಡು ಸಿಕ್ಕಿಬಿದ್ರೆ ಅಂತ ನಕ್ಕರು, ಇವಳೂ ನಕ್ಕಳು, ನಗುತ್ತಲೇ ಒಳಗೆ ಬಂದು ಕುಳಿತಳು, ಕುಳಿತ ಮೇಲೆ ಒಳಗಡೆಯಿಂದ ಅನ್ನುವ ಮಾತು ಮತ್ತೆ ಕೇಳಿಸಿತು —

ಕೆರಿಪೆಲ್. ಗೊರಗೊರ. ಕೆರಿಪೆಲ್, ಜೂಡಿತ್. ಪೂರ್, ಎನ್ನುತ್ತದೆ ಯಾರದೋ ಬಾಯಿ, ತನ್ನದೇ, ಬೆಂಚುಗಳು ಕಿರುಗುಟ್ಟುತ್ತವೆ, ಏನಂದೆ, ಏನಂದ್ಯೇ ನೀನು, ಟೊಸ್ಟೆವಿನ್ ತೋಳು ಹಿಡಿಯುತ್ತಾನೆ, ಇಂಗ್ಲೆಂಡಿನೋರ ಕಾಲಿಗೆ ಬಿದ್ಯಾ, ಅವಳು ಕೊಡವಿ ಎದ್ದಿದ್ದಾಳೆ, ಒಪ್ಪಿಗೆಯಾದರೂ ಏನಾಯಿತು, ಇದು ಲಂಡನ್ನಿಗೆ ಹೋಗಬೇಕು, ರಾಣಿಯ ಮುದ್ರೆ ಬೀಳಬೇಕು, ಹಿಂದಿರುಗಿ ಇಲ್ಲಿನ ಕೋರ್ಟಿನಲ್ಲಿ ದಾಖಲಾಗಬೇಕು, ಕಾಯರ್ ಇವತ್ತು, ಈಗ, ಸ್ಕೂಲಿನ ಗಂಟೆ ಹೊಡೆದಾಗಿದೆ, ಬಾಗಿಲು, ಬಾಗಿಲಿಗೆ ಬೆನ್ನು ಕೊಟ್ಟು ಕಾವಲುಗಾರ ನಿಂತಿದ್ದಾನೆ, ಎಣಿಕೆ ಮುಗಿಯೋವರ್ಗೂ ಯಾರನ್ನೂ ಬಿಡೋ ಹಂಗಿಲ್ಲಮ್ಮಾ, ನಿಯಮ, ಕೂತ್ಕೊಳ್ಳಿ, ಬಿಡಪ್ಪಾ, ನನ್ ಮಗಳು, ಏನಾಯ್ತು ನಿಮ್ಮ ಮಗಳಿಗೆ, ಎಂದು ಅವನು ಕೇಳುತ್ತಾನೆ, ಸಭೆಯೆಲ್ಲ ತಿರುಗಿದೆ, ಏನಾಯ್ತು ಹೇಳಿ, ಹಿಂದಿನಿಂದ ಇನ್ನೊಂದು ಹೆಸರು, ಇನ್ನೊಂದು ಕಾಂತ್ರ್, ಅವಳ ಕಣ್ಣೆದುರು ತುದಿಗಾಲಲ್ಲಿ ನಿಂತ ಎಲೀಸ್, ಚಾಚಿದ ಬೆರಳು, ಬೆರಳಿಗಿಂತ ಒಂದು ಗೇಣು ಮೇಲೆ, ಹೊಸ ಹಿತ್ತಾಳೆ, ಡೇನಿಯಲ್ ಉಜ್ಜಿ ಹೊಳಪು ಕೊಟ್ಟ ಹಿತ್ತಾಳೆ, ಒಂದು ಗೇಣು, ಒಂದೇ ಗೇಣು ಮೇಲೆ