ನಾಲ್ಕನೆಯ ಗೂಟ

ನಾಲ್ಕನೆಯ ಹಗ್ಗ ಕೈಗೆ ಸಿಕ್ಕಿತು, ಸಿಕ್ಕಿದ್ದು ಹಗ್ಗದ ಹಾಗಿರಲಿಲ್ಲ, ಹಿಂಡದೆ ಒಣಹಾಕಿದ ಸೆರಗಿನ ಹಾಗೆ ಜೋತುಬಿತ್ತು, ಮೊದಲ ಮೂರು ಹಗ್ಗಗಳೂ ಬೆರಳು ತಾಗಿಸಿದರೆ ಗುಂಯ್ ಅಂದಿದ್ದವು, ಇದು ಸುಮ್ಮನಿತ್ತು — ಪ್ರಮಿಳಾ ತಲೆ ಎತ್ತಿದಳು, ನಲವತ್ತೈದು ಅಡಿ ಮೇಲೆ, ಅನಗೋಳದ ಈ ಹೊಸ ಜೋಡಿ ಕಟ್ಟಡಗಳ ನಡುವೆ ಬಿಗಿದ ತಂತಿಯ ಮೇಲೆ ಮಗಳು ಮಾಯಾ, ಕೈಯಲ್ಲಿ ಅಡ್ಡ ಕೋಲು, ಅರ್ಧ ದಾಟಿದ್ದಾಳೆ, ಇನ್ನು ಹತ್ತು ಹೆಜ್ಜೆ ಇಟ್ಟರೆ ಈ ಹಗ್ಗ ತಂತಿಯನ್ನು ಹಿಡಿದಿರುವ ಜಾಗ, ಹಿಡಿದಿರಬೇಕಾಗಿದ್ದ ಜಾಗ. ಗೂಟ ಎಲ್ಲಿ, ನಾಲ್ಕು ಗಂಟೆಗೆ ತಾನೇ ಒದ್ದು ನೋಡಿದ ಕಬ್ಬಿಣದ ಗೂಟ, ಎರಡಡಿ ನೆಲದೊಳಗೆ ಇಳಿದಿದ್ದದ್ದು — ಅದೋ, ಹೂಕುಂಡಗಳ ನಡುವೆ ಬಿದ್ದಿದೆ, ತಲೆ ಮಾತ್ರ ಕಾಣುತ್ತಿದೆ, ಅದಿದ್ದ ಜಾಗದ ಕಡೆಗೆ ಒಂದು ಬಿಳಿ ಕಾರು ಮೂತಿ ಚಾಚಿ ನಿಂತಿದೆ. ಆಚೆ ಬದಿಯ ಜೋಡಿ ಹಗ್ಗ ಬಿಗಿಯಾಗಿಯೇ ಇದೆ, ಅಂದರೆ ಅದು ತಂತಿಯನ್ನು ತನ್ನ ಕಡೆ ಎಳೆಯುತ್ತದೆ, ಮಾಯಾ ಅಲ್ಲಿಗೆ ಕಾಲಿಟ್ಟರೆ ತಂತಿ ತೊಟ್ಟಿಲಿನ ಹಾಗೆ ಪಕ್ಕಕ್ಕೆ ಹೋಗುತ್ತದೆ. ಕೂಗಬೇಕು, ಕೂಗಬಾರದು, ಕೂಗಿದರೆ ಮಾಯಾ ಕೆಳಗೆ ನೋಡುತ್ತಾಳೆ, ಅವ್ವನ ದನಿಗೆ ನೋಡದೆ ಇರಲಾರಳು. ಬಾಯಿ ಮುಚ್ಚಿ, ಹಗ್ಗವನ್ನು ಸೊಂಟಕ್ಕೆ ಎರಡು ಸುತ್ತು ಹಾಕಿ, ಹಿಮ್ಮಡಿ ಹುಲ್ಲಿಗೆ ಊರಿ, ಇಡೀ ಮೈಯ ಭಾರವನ್ನು ಹಿಂದಕ್ಕೆ ಬಿಟ್ಟಳು, ಹಗ್ಗ ಕಿರ್ ಎಂದಿತು, ಗುಂಯ್ ಅನ್ನಲಿಲ್ಲ, ಆದರೂ ಬಿಗಿಯಿತು.

ಕುತ್ತಿಗೆಗೆ ಗುರುತಿನ ಚೀಟಿ ತೂಗುಹಾಕಿಕೊಂಡ ವಿನೀತ ಓಡಿ ಬಂದ, ಬಿಲ್ಡರ್ ಕಡೆಯಿಂದ ಈ ಉದ್ಘಾಟನೆ ನಡೆಸುವವನು, ಬೆಳಗಿನಿಂದ ನಗುತ್ತಲೇ ಇದ್ದವನು, ಮೇಡಂ ಸ್ವಲ್ಪ ಬಾಜು ಆಗ್ರಿ, ಉದ್ಘಾಟನೆಗೆ ಬಂದ ಸಾಹೇಬ್ರ ಗಾಡಿ ಹೊರಗ ಹೋಗಬೇಕ್ರೀ, ಅವರಿಗೆ ಇನ್ನೊಂದು ಕಾರ್ಯಕ್ರಮ ಐತಿ. ಗೂಟಾ ಯಾರು ಕಿತ್ತಾರ, ಹಲ್ಲು ಕಚ್ಚಿ ಕೇಳಿದಳು. ದಾರ್ಯಾಗ ಇತ್ತಲ್ರೀ, ಆಕಿ ಹತ್ತೂಕಿಂತ ಮೊದಲ ಕಿತ್ತೇವ್ರಿ, ಇಷ್ಟು ಹಗ್ಗದಾಗ ಒಂದಿಲ್ಲಂದ್ರ ಏನಾಗ್ತೈತ್ರಿ. ಏನಾಗ್ತೈತಿ — ಇವನಿಗೆ ಹೇಳುವುದು ಹೇಗೆ, ಹಗ್ಗ ಹೊಟ್ಟೆಯನ್ನು ಕೊಯ್ಯುತ್ತಿರುವಾಗ ಹನ್ನೊಂದು ವರ್ಷವನ್ನು ಹೇಳುವುದು ಹೇಗೆ, ಮಾಯಾಗೆ ಎಂಟು ತುಂಬಿದಾಗಿನಿಂದ, ಪೀರನವಾಡಿಯ ಮನೆಯಿಂದ ಕತ್ತಲಲ್ಲಿ ಎದ್ದು, ತಾನು ಕಂಡಕ್ಟರ್ ಆಗಿರುವ ಖಾನಾಪುರದ ಮೊದಲ ಬಸ್ಸಿನಲ್ಲೇ ಅವಳನ್ನು ಕೂರಿಸಿಕೊಂಡು ಹೋಗಿ, ಮಲಪ್ರಭೆಯ ಬದಿಯ ರಾಧಾಬಾಯಿಯ ಹಿತ್ತಲಲ್ಲಿ ಬಿಟ್ಟು, ಮುಂದಿನ ಟ್ರಿಪ್ಪಿಗೆ ಕರೆದುಕೊಂಡು ಬಂದದ್ದು. ರಾಧಾಬಾಯಿ, ಊರವರಿಗೆಲ್ಲ ಮಾವಶಿ, ಚಿಕ್ಕಮ್ಮನ ಹಾಗೆ, ಸರ್ಕಸ್ಸಿನಲ್ಲಿ ಇಪ್ಪತ್ತು ವರ್ಷ ತಂತಿಯ ಮೇಲೆ ನಡೆದವಳು, ಮೊಣಕಾಲು ಮುರಿದು ಊರಿಗೆ ಬಂದವಳು, ಪ್ರಮಿಳಾಗೂ ಅವಳೇ ಕಲಿಸಿದ್ದು, ಕುರಿ ಕಾಯುವ ಅಪ್ಪ ಹಾಲು ಕೊಟ್ಟು ಬಾ ಎಂದು ಕಳಿಸಿದರೆ ಹುಡುಗಿ ಅಲ್ಲೇ ಎರಡು ಹಲಸಿನ ಮರದ ನಡುವಿನ ತಂತಿಯನ್ನು ನೋಡುತ್ತ ನಿಂತುಬಿಡುತ್ತಿದ್ದಳು, ಹತ್ತೊಂಬತ್ತಕ್ಕೆ ಮದುವೆ ಮಾಡಿದರು, ಜನರ ಮುಂದೆ ಒಮ್ಮೆಯೂ ನಡೆಯಲಿಲ್ಲ, ಈಗಲೂ ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟು ಹರಿಯುತ್ತಾಳೆ, ಅಷ್ಟೇ ಉಳಿದದ್ದು, ಅಷ್ಟು ಮತ್ತು ಮಾಯಾ.

ಮೊದಲನೆಯ ವರ್ಷ ತಂತಿಯೇ ಇಲ್ಲ, ನೆಲದ ಮೇಲೆ ಸುಣ್ಣದ ಗೆರೆ, ಎರಡೂ ಅಂಗೈಯಲ್ಲಿ ತುಂಬಿದ ಲೋಟ, ಒಂದು ಹನಿ ಚೆಲ್ಲಿದರೆ ಮತ್ತೆ ಮೊದಲಿನಿಂದ, ಮಾಯಾ ಅತ್ತರೆ ಮಾವಶಿ ಅಳು ಪೋರಿ, ಅಳಕೋತ ನಡಿ, ನೀರು ಚೆಲ್ಲಬ್ಯಾಡ ಅನ್ನುತ್ತಿದ್ದಳು. ಆಮೇಲೆ ಗೇಣೆತ್ತರದ ತಂತಿ, ಆಮೇಲೆ ಆಳೆತ್ತರ, ನಡೆಯುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸಿದಳು, ಬೀಳುವಾಗ ಮೊಣಕಾಲಿನ ಹಿಂಭಾಗದಲ್ಲಿ ತಂತಿಯನ್ನು ಹೇಗೆ ಹಿಡಿಯಬೇಕು ಎನ್ನುವುದನ್ನು, ಮಾಯಾಳ ಮಂಡಿಯ ಹಿಂದೆ ಈಗಲೂ ಎರಡು ಕಪ್ಪು ಬರೆಗಳಿವೆ. ಮೇ ತಿಂಗಳಲ್ಲಿ ಕಾದ ತಂತಿ, ಮಳೆಗಾಲದಲ್ಲಿ ಜಾರುವ ತಂತಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಗಾಳಿಗೆ ಎದುರಾಗಿ, ಗಾಳಿ ಬೆನ್ನಿಗಿದ್ದಾಗ, ಮತ್ತು ಎಲ್ಲಕ್ಕಿಂತ ಮೊದಲು ಹಗ್ಗ, ಪ್ರತಿ ಹಗ್ಗ, ಪ್ರತಿ ಗೂಟ, ಕಟ್ಟಿದವರ ಕೈ ನಂಬಬ್ಯಾಡ, ನಿನ್ನ ಕೈಲೇ ಮುಟ್ಟಿ ನೋಡು — ಮುಟ್ಟಿ ನೋಡಿದ್ದೆ ಮಾವಶಿ, ನಾಲ್ಕಕ್ಕೆ ನೋಡಿದ್ದೆ, ಅದರ ಮೇಲೆ ಇನ್ನೇನು ಮಾಡಬೇಕಿತ್ತು ನಾನು, ಗೂಟದ ಮೇಲೆ ಕೂತಿರಬೇಕಿತ್ತೇ.

ಮೈಕು ಕಿರುಚುತ್ತಿದೆ, ಭಯ ಅನ್ನೋದೇ ಗೊತ್ತಿಲ್ಲದ ಹುಡುಗಿ, ಇದು ಹುಟ್ಟಿನಿಂದಲೇ ಬಂದ ವರ, ಜೋರಾಗಿ ಒಂದು ಚಪ್ಪಾಳೆ. ಗೊತ್ತಿಲ್ಲವಂತೆ. ಮಧ್ಯಾಹ್ನ ಮೂರನೆಯ ಮಹಡಿಯ ಬಚ್ಚಲಲ್ಲಿ ಎರಡು ಸಲ ವಾಂತಿ ಮಾಡಿಕೊಂಡವಳು ಯಾರು, ಪ್ರತಿ ಸಲವೂ ಹಾಗೇ, ಬಾಯಿ ತೊಳೆದು, ಜಾರದಿರಲೆಂದು ಅಂಗಾಲಿಗೆ ರಾಳದ ಪುಡಿ ಹಚ್ಚಿಕೊಂಡು, ಅವ್ವಾ ಈಗ ಅರಾಮಾತು ಅನ್ನುತ್ತಾಳೆ. ವರವಂತೆ, ಯಾರು ಕೊಟ್ಟ ವರ, ಸುಣ್ಣದ ಗೆರೆಯ ಮೇಲೆ ಅತ್ತ ಆ ಒಂದು ವರ್ಷವನ್ನು ಇವರು ಒಂದು ಮಾತಿನಲ್ಲಿ ಒರೆಸಿಹಾಕುತ್ತಾರೆ, ವರ ಅಂದುಬಿಟ್ಟರೆ ಗೂಟ ಬೇಕಾಗಿಲ್ಲ, ಬಲೆಯೂ ಬೇಕಾಗಿಲ್ಲ. ಬಲೆ — ತುದಿಯಿಂದ ತುದಿಗೆ ಕಟ್ಟಬೇಕೆಂದು ಮಾತಾಗಿತ್ತು, ಬೆಳಿಗ್ಗೆ ಬಂದರೆ ಕಾರು ಓಡಾಡುವ ಇಷ್ಟು ಜಾಗ ಬಿಟ್ಟು ಕಟ್ಟಿದ್ದರು, ವಾಪಸ್ ಹೋಗೂಣು ನಡಿ ಅಂದಿದ್ದಳು ಪ್ರಮಿಳಾ, ಮಾಯಾ ಕೈ ಹಿಡಿದು, ಅವ್ವಾ, ಬರೇ ಮೂವತ್ತು ಅಡಿ, ಐನೂರು ಸಲ ನಡದೇನಿ, ಈಗ ಹೋದ್ರ ಅಂಜಿ ಓಡಿಹೋದ್ರು ಅಂತಾರ. ತಾನು ಒಪ್ಪಿದಳು, ಯಾಕೆ ಒಪ್ಪಿದಳು, ಇವರ ಮೇಲೆ ಉರಿಯುವ ಸಿಟ್ಟಿನಲ್ಲಿ ಒಂದು ಪಾಲು ತನ್ನ ಮೇಲೂ ಇದೆ, ಆ ಪಾಲನ್ನು ಆಮೇಲೆ ನೋಡಿಕೊಳ್ಳುತ್ತಾಳೆ, ಈಗ ಮಾಯಾ ಆ ಮೂವತ್ತು ಅಡಿಯೊಳಗೆ ಕಾಲಿಟ್ಟಳು.

ತಂತಿ ನಡುಗಿದ್ದು ಸೊಂಟಕ್ಕೆ ತಿಳಿಯಿತು, ಮಗಳ ಒಂದೊಂದು ಹೆಜ್ಜೆಯೂ ಹಗ್ಗದಲ್ಲಿ ಇಳಿದು ಬಂದು ಹೊಟ್ಟೆಗೆ ತಾಕುತ್ತಿದೆ, ಹೊಟ್ಟೆಯಲ್ಲಿದ್ದಾಗ ಒದೆಯುತ್ತಿದ್ದಂತೆಯೇ, ಹಿಮ್ಮಡಿ ಜಾರುತ್ತಿದೆ, ಹುಲ್ಲು ಕಿತ್ತು ಬರುತ್ತಿದೆ, ಕಾರು ಗುರುಗುಟ್ಟುತ್ತ ಮೊಣಕಾಲಿಗೆ ಒಂದು ಮೊಳ ದೂರಕ್ಕೆ ಬಂದಿದೆ, ಡ್ರೈವರನ ಕೈ ಹಾರ್ನಿನ ಮೇಲೆ, ಅವಳು ತಲೆ ಅಲ್ಲಾಡಿಸಿದಳು, ಬರೀ ಕಣ್ಣಿನಿಂದ ಮೇಲೆ ತೋರಿಸಿದಳು. ಡ್ರೈವರ್ ವಯಸ್ಸಾದವನು, ಗಾಜಿನೊಳಗಿಂದ ಬಗ್ಗಿ ಮೇಲೆ ನೋಡಿದ, ಹಗ್ಗ ನೋಡಿದ, ಇಂಜಿನ್ ಆರಿಸಿದ. ಯಾಕೋ ಏನಾತು, ಹಿಂದಿನ ಸೀಟಿನಿಂದ ಸಾಹೇಬರು. ತಡೀರಿ ಸಾಹೇಬ್ರ, ಅಂದು ಅವನು ಇಳಿದು ಬಂದು, ಏನೂ ಕೇಳದೆ ಅವಳ ಬೆನ್ನ ಹಿಂದೆ ನಿಂತು ಹಗ್ಗದ ತುದಿಯನ್ನು ತನ್ನ ಹೆಗಲಿಗೆ ಹಾಕಿಕೊಂಡ, ಬಿಡಬ್ಯಾಡವಾ, ನಾ ಹಿಡದೇನಿ. ಆಗ ಹಗ್ಗ ಗುಂಯ್ ಎಂದಿತು. ಹದಿನಾಲ್ಕು ಹೆಜ್ಜೆ, ಹದಿನೈದು, ಮಾಯಾಳ ಕೋಲು ಎಡಕ್ಕೆ ಬಾಗಿ ಸರಿಯಾಯಿತು, ಆಚೆ ಕಟ್ಟಡದ ಕಟ್ಟೆಯ ಮೇಲೆ ಪ್ರಮಿಳಾಳ ಅಣ್ಣ ಸಿದರಾಯ ಕೈ ಚಾಚಿ ನಿಂತಿದ್ದ, ಕೋಲಿನ ತುದಿ ಹಿಡಿದ, ಮಾಯಾಳನ್ನು ಎದೆಗೆ ಎಳೆದುಕೊಂಡ.

ಚಪ್ಪಾಳೆ, ಪಟಾಕಿ, ಎಲ್ಲರ ಕೈಯಲ್ಲೂ ಮೊಬೈಲು. ಪ್ರಮಿಳಾಗೆ ಬೆರಳು ಬಿಡಿಸಲು ಬರಲಿಲ್ಲ, ಡ್ರೈವರ್ ಒಂದೊಂದಾಗಿ ಬಿಡಿಸಿದ. ವಿನೀತ ಮತ್ತೆ ನಗುತ್ತ ಬಂದ, ಆತಲ್ರೀ ಮೇಡಂ, ಏನೂ ಆಗ್ಲಿಲ್ಲಲಾ, ಸುಮ್ನ ಗಾಬರಿ ಮಾಡ್ಕೊಂಡ್ರಿ. ಏನೂ ಆಗಲಿಲ್ಲ. ಅವಳು ಹೂಕುಂಡಗಳ ನಡುವೆ ಬಗ್ಗಿ ಗೂಟ ಎತ್ತಿಕೊಂಡಳು, ಪೊಲೀಸರಿಗೆ ತೋರಿಸಬೇಕು, ಅದಕ್ಕೂ ಮೊದಲು ಇವನ ಬಾಯಿಂದಲೇ ಆ ಸಾಹೇಬರ ಮುಂದೆ ಹೇಳಿಸಬೇಕು, ಆಕಿ ಹತ್ತೂಕಿಂತ ಮೊದಲ ಕಿತ್ತೇವಿ ಅಂತ, ಅದೇ ಮಾತನ್ನು — ಏಪ್ರಿಲ್ಲಿನ ಬಿಸಿಲು, ಕುಂಡಗಳೇ ಸುಡುತ್ತಿವೆ, ಮಾಯಾ ಹತ್ತಿ ಹದಿನೈದು ನಿಮಿಷವಾಯಿತು, ಮೇಲಿನ ಕಟ್ಟೆಯಲ್ಲಿ ಕೈ ಮುಗಿದು ನಿಂತದ್ದೇ ಐದು ನಿಮಿಷ, ಆಮೇಲೆ ಎರಡನೆಯ ಹಗ್ಗ ದಾಟಿದಾಗ ಗಕ್ಕನೆ ನಿಂತಿದ್ದಳು, ಮೊಣಕಾಲು ಮಡಿಸಿ, ಉಸಿರು ಹಿಡಿದು, ತಂತಿಯೇ ಒಮ್ಮೆ ಜಗ್ಗಿದ ಹಾಗೆ, ಗಾಳಿ ಇರಬೇಕು ಎಂದುಕೊಂಡಿದ್ದಳು ತಾನು, ಗಾಳಿ ಎಲ್ಲಿತ್ತು, ಒಂದು ಎಲೆಯೂ ಅಲ್ಲಾಡಿರಲಿಲ್ಲ — ಗೂಟದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಮಣ್ಣು ಬೆರಳಿಗೆ ಅಂಟಿತು, ಕರೀ ಮಣ್ಣು, ಹಸೀ ಮಣ್ಣು, ಮಾಯಾ ಹತ್ತುವ ಮೊದಲೇ ಕಿತ್ತಿದ್ದರೆ ಈ ಬಿಸಿಲಿಗೆ ಒಣಗಿರಬೇಕಿತ್ತು, ಮತ್ತೆ ಒತ್ತಿದಳು, ಹಸಿ, ಇನ್ನೂ ಹಸಿ.