ಸಾವುಕಾರರು ಉಂಡ ರೊಟ್ಟಿ

ಜಮಖಂಡಿ ಕೋರ್ಟಿನ ಎದುರಿನ ಬೇವಿನ ಗಿಡದ ಕೆಳಗೆ ಸುಂದರವ್ವ ಬೆಳಗಿನಿಂದ ತಮ್ಮನನ್ನು ಕಾಯುತ್ತ ಕುಳಿತಿದ್ದಳು. ಬರುವವನನ್ನು ಕಾಯುವುದಲ್ಲ, ಪಕ್ಕದಲ್ಲಿ ಕುಳಿತವನು ಎದ್ದು ಹೋಗದಂತೆ ಕಾಯುವುದು. ಇದಕ್ಕಿಂತ ಕುರಿ ಕಾಯುವುದು ಸಾವಿರ ಪಾಲು ಮೇಲು. ಕುರಿ ಪರರ ಹೊಲಕ್ಕೆ ಬಾಯಿ ಹಾಕಿದರೆ ಒಂದು ಹೆಂಟೆ ಎಸೆದರಾಯಿತು. ಪಾಂಡಪ್ಪನಿಗೆ ಹೆಂಟೆ ಎಸೆಯುವ ಹಾಗಿರಲಿಲ್ಲ. ಹೆಗಲ ಮೇಲೆ ಕಂಬಳಿ, ತಲೆಗೆ ಕೆಂಪು ರುಮಾಲು ಸುತ್ತಿದ ಗಂಡಸು, ಮೇಲಾಗಿ ಇವತ್ತಿನ ಸಾಕ್ಷಿದಾರ.

"ಯಕ್ಕಾ, ಒಂದ ಕಪ್ಪು ಚಾ ಕುಡದ ಬರ್ತೀನಿ."

"ಯಾರು ಕುಡಸ್ತಾರ?"

"ಯಾರರೆ ಕುಡಸ್ತಾರ ಬಿಡು."

"ಆ ಯಾರರೆ ಅಂದ್ರ ಯಾರಂತ ನನಗ ಗೊತ್ತೈತಿ. ಕುಂದ್ರು ಸುಮ್ಮನ."

ಹಿಂದಿನ ತಾರೀಖಿನಲ್ಲಿ ಬಡಿಗ ಶಿದ್ರಾಮಪ್ಪ ಹೀಗೇ ಚಹಾ ಎಂದು ಎದ್ದು ಹೋಗಿದ್ದ. ಅವನೂ ಇವಳ ಕಡೆಯ ಸಾಕ್ಷಿಯೇ. ಹೋದದ್ದು ಶಾಲೆಯ ತಗಡು ನುಂಗಿದ ಆರೋಪಿ ಮಹಾಲಿಂಗಪ್ಪ ಸಾವುಕಾರರ ಜೊತೆ ಖಾನಾವಳಿಗೆ. ಹೋಳಿಗೆ ತುಪ್ಪ ಉಂಡು, ಎಲೆ ಅಡಿಕೆ ಹಾಕಿಕೊಂಡು ಬಂದು ಕಟಕಟೆಯಲ್ಲಿ ನಿಂತ. "ಸಾವುಕಾರರ ಗಾಣದ ಮನಿಗೆ ತಗಡು ಹೊಡದಾವ ನಾನ ಖರೆ, ಆದ್ರ ಅವು ಸಾಲಿ ತಗಡೋ ಸ್ವಂತ ತಗಡೋ ನನಗೇನ ಗೊತ್ತರಿ" ಎಂದುಬಿಟ್ಟ. ಮುನ್ನಾದಿನದವರೆಗೂ ಬೇರೆ ಹೇಳುತ್ತಿದ್ದವನು ಈಗ ಯಾಕೆ ತಿರುಗಿದೆ ಎಂದು ಸರಕಾರಿ ವಕೀಲರು ಕೇಳಿದರೆ, ಒಂದಿಷ್ಟೂ ನಾಚಿಕೆಯಿಲ್ಲದೆ ಕೈಮುಗಿದು, "ಉಂಡ ಮನಿ ಜಂತಿ ಎಣಿಸಬಾರದ್ರೀ ಸಾಹೇಬ್ರ" ಎಂದ. ಮ್ಯಾಜಿಸ್ಟ್ರೇಟ್ ಸಾಹೇಬರೂ ನಕ್ಕರು. ಸುಂದರವ್ವನಿಗೆ ಮಾತ್ರ ನಗು ಬರಲಿಲ್ಲ.

ಅವನು ಲಂಚ ತಿಂದಿದ್ದರೆ ಅವಳು ಬೈದು ಹಗುರಾಗುತ್ತಿದ್ದಳು. ಆದರೆ ಶಿದ್ರಾಮಪ್ಪ ಲಂಚ ತಿಂದಿರಲಿಲ್ಲ, ಊಟ ಉಂಡಿದ್ದ. ಉಪ್ಪು ತಿಂದವರ ಎದುರಿಗೆ ನಿಂತು ಅವರ ಮೇಲೆ ಮಾತಾಡುವುದು ಹಾಲಹಟ್ಟಿಯಲ್ಲಿ ಯಾರಿಗೂ ಆಗದ ಮಾತು. ಸುಂದರವ್ವನಿಗೂ ಆಗದು. ಇದು ಸಾವುಕಾರರಿಗೆ ಚೆನ್ನಾಗಿ ಗೊತ್ತಿತ್ತು.

ಹಾಲಹಟ್ಟಿಯೆಂದರೆ ತೇರದಾಳದಿಂದ ಆಚೆ, ಬಸ್ಸು ಮುಟ್ಟದ ಕುರುಬರ ಊರು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ಅಲ್ಲಿಗೆ ಒಂದು ಸಾಲಿ ಮಂಜೂರಾಯಿತು. ಗೋಡೆಯನ್ನು ಹಟ್ಟಿಯವರೇ ಕಲ್ಲು ಹೊತ್ತು ಕಟ್ಟಿದರು, ಮಾಡಿಗೆ ತಗಡು ಜಿಲ್ಲಾ ಬೋರ್ಡಿನವರು ಕೊಟ್ಟರು. ಪರ್ಮಿಟ್ಟಿಲ್ಲದೆ ಒಂದು ತಗಡು ಸಿಗದ ಕಾಲ. ಮಹಾಲಿಂಗಪ್ಪನವರು ಬೋರ್ಡಿನ ಮೆಂಬರು. ತಗಡಿಗೆ ಸಹಿ ಮಾಡಿ ಬಿಡಿಸಿಕೊಂಡವರು ಅವರೇ. ಕುಡಚಿ ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದವನು ಪಾಂಡಪ್ಪ. "ಮೋಡ ಆಗೇತಿ, ಸದ್ಯ ನಮ್ಮ ಗಾಣದ ಮನ್ಯಾಗ ಇಳಸೋ" ಎಂದರು ಸಾವುಕಾರರು. ಇಳಿಸಿದ. ಆ ಮೋಡ ಇವತ್ತಿನವರೆಗೂ ತಿಳಿಯಾಗಿಲ್ಲ. ತಗಡು ಗಾಣದ ಮನೆಯ ಮೇಲೇರಿ, ಡಾಂಬರು ಬಳಿಸಿಕೊಂಡು ಕರ್ರಗೆ ಕುಳಿತವು. ಸಾಲಿಯ ಮಕ್ಕಳು ಬರೀ ನಾಲ್ಕು ಗೋಡೆಯ ನಡುವೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅಕ್ಷರ ತಿದ್ದಿದವು. ಕೊನೆಗೆ ತಪಾಸಣೆಗೆ ಬಂದ ಸಾಹೇಬರು, ಬರುವ ಮಳೆಗಾಲದೊಳಗೆ ಮಾಡು ಆಗದಿದ್ದರೆ ಸಾಲಿ ಮುಚ್ಚುತ್ತೇವೆ, ಮಕ್ಕಳು ತೇರದಾಳಕ್ಕೆ ಹೋಗಲಿ ಎಂದು ಹೇಳಿ ಹೋದರು. ಗಂಡು ಹುಡುಗರು ಹೋದಾರು. ಸುಂದರವ್ವನ ಮೊಮ್ಮಗಳು ಕರೆವ್ವನಂಥವರು ಹೋಗುವುದು ಎಲ್ಲಿಯ ಮಾತು? ಹಟ್ಟಿಯಲ್ಲಿ ಓದಲು ಕಲಿತ ಮೊದಲ ಹೆಣ್ಣು ಅದು.

ಅದಕ್ಕೇ ಸುಂದರವ್ವ ಫಿರ್ಯಾದಿ ಹಾಕಿದ್ದು. ಪೊಲೀಸರು ಪಂಚರನ್ನು ಕರೆದುಕೊಂಡು ಗಾಣದ ಮನೆಗೆ ಹೋದರು. ಪಂಚರು ಕಬ್ಬಿನ ಹಾಲು ಕುಡಿದರು, ಬಿಸಿ ಬೆಲ್ಲ ತಿಂದರು, "ಮಾಡಿನ ಮೇಲೆ ಕಪ್ಪು ತಗಡು ಇವೆ" ಎಂದು ಬರೆಸಿ ಹೆಬ್ಬೆಟ್ಟು ಒತ್ತಿ ಬಂದರು. ಕಪ್ಪು! ಕಪ್ಪಿನ ಕೆಳಗೆ ಏನಿದೆ ಎಂದು ಕೆರೆದು ನೋಡುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಊರವರೆಲ್ಲ ಅವಳ ಬೆನ್ನು ತಟ್ಟಿ "ಛಲೋ ಮಾಡಿದಿ ಸುಂದರವ್ವಾ, ಬಿಡಬ್ಯಾಡ ಅವನ್ನ" ಎನ್ನುತ್ತಿದ್ದರು. ಹಾಗಾದರೆ ಸಾಕ್ಷಿಗೆ ಬಾ ಎಂದರೆ, ಒಬ್ಬನ ಎಮ್ಮೆ ಈಯುತ್ತಿತ್ತು, ಇನ್ನೊಬ್ಬನ ಮಾವನಿಗೆ ಜ್ವರ. ಉಳಿದವನು ಪಾಂಡಪ್ಪ ಒಬ್ಬ. ಅವನು ಬಾಯಿಬಿಡದಿದ್ದರೆ ಕೇಸೂ ಹೋಯಿತು, ತಗಡೂ ಹೋಯಿತು, ಸಾಲಿಯೂ ಹೋಯಿತು.

ಸೂರ್ಯ ನೆತ್ತಿಗೇರಿದರೂ ಪಟ್ಟೇವಾಲ ಇವರ ಹೆಸರು ಕೂಗಲಿಲ್ಲ. ಊಟದ ಹೊತ್ತಿಗೆ ಕೋರ್ಟು ಎದ್ದಿತು. ಸುಂದರವ್ವ ಬುತ್ತಿ ಬಿಚ್ಚುತ್ತಿರುವಾಗ ಮಹಾಲಿಂಗಪ್ಪನವರೇ ನಡೆದು ಬಂದರು. ಬಿಳಿ ಧೋತರ, ಖಾದಿ ಟೊಪ್ಪಿಗೆ, ಮುಖದ ತುಂಬ ನಗು. ಆರೋಪಿ ಯಾರು ಫಿರ್ಯಾದಿ ಯಾರು ಎಂದು ಹೊಸಬರನ್ನು ಕೇಳಿದ್ದರೆ ಅವರು ಸುಂದರವ್ವನ ಗಂಟಿಕ್ಕಿದ ಹುಬ್ಬು ನೋಡಿ ಅವಳನ್ನೇ ಆರೋಪಿ ಎನ್ನುತ್ತಿದ್ದರು.

"ಏನ್ ಸುಂದರಕ್ಕಾ, ಇನ್ನೂ ಉಪಾಸ ಕುಂತೀರಿ? ಏಳ್ರಿ, ಖಾನಾವಳ್ಯಾಗ ಎಲಿ ಹಾಕಿಸೇನಿ. ಕೇಸು ಕೇಸಿನ ಕಡೆ, ಊಟ ಊಟದ ಕಡೆ."

"ನಮ್ಮ ಬುತ್ತಿ ನಮ್ಮ ಕಡೆ ಐತ್ರಿ."

"ಪಾಂಡಪ್ಪಾ, ನೀನರೆ ಏಳೋ."

ಪಾಂಡಪ್ಪ ಅರ್ಧ ಎದ್ದ. ಸುಂದರವ್ವ ಅವನ ಕಂಬಳಿಯ ತುದಿ ಹಿಡಿದು ಜಗ್ಗಿದಳು. "ಅಂವ ಬರಾಂಗಿಲ್ರಿ. ಅವನ ಹೊಟ್ಟಿ ಕೆಟ್ಟೈತಿ."

"ಛಲೋ ಐತೆಲ್ಲ ಯಕ್ಕಾ."

"ಕೆಟ್ಟೈತಂದ್ರ ಕೆಟ್ಟೈತಿ!"

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದ ಕಾಲ್ತೆಗೆಯುತ್ತಿದ್ದರು. ಆದರೆ ಮಹಾಲಿಂಗಪ್ಪನವರು ಮನೆಮನೆಗೆ ಹೋಗಿ ಮತ ಕೇಳಿದ ಜೀವ. ಧೋತರ ಎತ್ತಿಕೊಂಡು ಗಿಡದ ಕೆಳಗೆ ಮಣ್ಣಿನಲ್ಲೇ ಚಕ್ಕಳಮಕ್ಕಳ ಹಾಕಿದರು. "ಹಂಗಾದ್ರ ನನಗ ಇಲ್ಲೇ ಹಾಕ್ರಿ ಒಂದು ರೊಟ್ಟಿ. ಹಸದು ಬಂದಾವಗ ಇಲ್ಲ ಅಂತೀರೇನು?"

ಸುತ್ತ ಜನ ನೋಡುತ್ತಿದ್ದರು. ಹಸಿದು ಬಂದವರಿಗೆ ಇಲ್ಲ ಎಂದ ನಾಲಿಗೆಯಲ್ಲ ಅವಳದು. ಹಲ್ಲು ಕಚ್ಚಿಕೊಂಡು ಕೊಟ್ಟಳು. ಜೋಳದ ರೊಟ್ಟಿ, ಕೆಂಪು ಖಾರ, ಗಟ್ಟಿ ಮೊಸರು, ಒಂದು ಉಳ್ಳಾಗಡ್ಡಿ. ಸಾವುಕಾರರು ಒಂದು ರೊಟ್ಟಿ ಉಂಡು ಇನ್ನೊಂದು ಕೇಳಿ ಹಾಕಿಸಿಕೊಂಡರು. "ನಮ್ಮ ಮನ್ಯಾಗ ಇಂಥಾ ಖಾರ ಆಗೂದ ಇಲ್ಲ ನೋಡ್ರಿ" ಎಂದು ಬಾಯಿ ಚಪ್ಪರಿಸುತ್ತ ಎದ್ದು ಹೋದರು. ಅವರು ಉಂಡ ಎರಡು ರೊಟ್ಟಿ ಪಾಂಡಪ್ಪನ ಪಾಲಿನಿಂದಲೇ ಹೋದವು.

ಅವರು ಅತ್ತ ಹೋದದ್ದೇ ತಡ, ಸುಂದರವ್ವನ ಮುಖ ಅರಳಿತು. "ನೋಡಿದಿಯೇನ್ಲೇ? ತಾನ ಬಂದು ನನ್ನ ಉಪ್ಪು ತಿಂದ. ಇನ್ನ ಅಂವ ನನ್ನ ಮ್ಯಾಲೆ ನಾಲಿಗಿ ಹೊರಳಸಾಂಗಿಲ್ಲ."

ಪಾಂಡಪ್ಪ ತಲೆ ಕೆರೆದುಕೊಂಡ. "ಹಂಗಾದ್ರ ನಾನೂ ಅವರ ಮಗಳ ಲಗ್ನದಾಗ ಉಂಡೇನಲ್ಲ ಯಕ್ಕಾ. ನಾನೂ ಹೊರಳಸಾಂಗಿಲ್ಲ."

"ನಿಂದು ಬ್ಯಾರೆ."

"ಹೆಂಗ ಬ್ಯಾರೆ?"

"ಬ್ಯಾರೆ ಅಂದ್ರ ಬ್ಯಾರೆ" ಎಂದು ಉಳಿದ ಖಾರವನ್ನು ಅವನ ರೊಟ್ಟಿಯ ಮೇಲೆ ಬಡಿದಳು.

ಸರಕಾರಿ ವಕೀಲ ಪಾಂಡುರಂಗರಾಯರು ಕರಿ ಕೋಟಿನ ತೋಳು ಎಳೆದುಕೊಳ್ಳುತ್ತ ಬಂದರು. "ಸುಂದರವ್ವಾ, ನಿಮ್ಮ ಪಾಟೀಸವಾಲು ಇನ್ನೂ ಬಾಕಿ ಅದ. ಹುಷಾರಾಗಿರ್ರಿ."

"ಇನ್ನ ಚಿಂತಿಲ್ರಿ ವಕೀಲ್ರ. ಸಾವುಕಾರ ನಮ್ಮ ರೊಟ್ಟಿ ಉಂಡಾನ."

ರಾಯರು ಕನ್ನಡಕ ತೆಗೆದು ಒರೆಸಿದರು. "ಇದನ್ನ ನಾನು ಯಾವ ಕಾಯದೆದಾಗ ಹುಡುಕ್ಲಿ ನಮ್ಮವ್ವಾ?"

ಕೋರ್ಟು ಮತ್ತೆ ಕೂತಿತು. ಸುಂದರವ್ವ ಸೆರಗು ಸರಿಮಾಡಿಕೊಂಡು ಕಟಕಟೆ ಏರಿದಳು. ಸಾಕ್ಷಿ ಹೇಳಬೇಕಾದವರು ಒಳಗಿರಬಾರದೆಂದು ಪಾಂಡಪ್ಪನನ್ನು ಹೊರಗೆ ನಿಲ್ಲಿಸಿದ್ದರು. ಹೊರಗೆಂದರೆ ಕಿಟಕಿಯ ಪಕ್ಕಕ್ಕೇ. ಒಳಗೆ ಕೆಮ್ಮಿದರೂ ಅಲ್ಲಿಗೆ ಕೇಳಿಸುತ್ತಿತ್ತು. ಅವನ ಕೆಂಪು ರುಮಾಲು ಕಟಕಟೆಯಿಂದ ಕಾಣುತ್ತಿತ್ತು.

ಸಾವುಕಾರರ ವಕೀಲರು ವಿಜಾಪುರದಿಂದ ಬಂದವರು. ಮೆತ್ತಗಿನ ದನಿ. "ಸುಂದರವ್ವ, ನೀವು ಸಾವುಕಾರರ ಹಿಂಡಿನ್ಯಾಗಿನ ಕುರಿ ಕದ್ದು ಸಿಕ್ಕುಬಿದ್ದಿದ್ದಿರಿ. ಅವರು ಬೈದರು. ಆ ಸಿಟ್ಟಿಗೆ ಈ ಸುಳ್ಳು ಫಿರ್ಯಾದಿ ಹಾಕೀರಿ. ಖರೆ ಅಲ್ಲೇನು?"

ಸುಂದರವ್ವನಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಸಾವುಕಾರರ ಕಡೆ ತಿರುಗಿದಳು. ಅವರು ಹಲ್ಲಿನ ಸಂದಿಯಿಂದ ಏನೋ ಕಿತ್ತುಕೊಳ್ಳುತ್ತ, ಹೌದು ಹೌದೆಂಬಂತೆ ತಲೆದೂಗುತ್ತಿದ್ದರು. ಮೀಸೆಯ ತುದಿಗೆ ಅವಳ ಮನೆಯ ಕೆಂಪು ಖಾರ ಇನ್ನೂ ಅಂಟಿತ್ತು. ಕುರುಬರ ಹೆಣ್ಣುಮಗಳಿಗೆ ಕುರಿಗಳ್ಳಿ ಎನ್ನುವುದು! ಅದೂ ಅವಳ ರೊಟ್ಟಿ ಅರಗುವ ಮೊದಲೇ!

"ಸಾಹೇಬ್ರ, ಈ ಮನಿಶ್ಯಾ ಈಗ, ಆ ಗಿಡದ ಕೆಳಗ..."

"ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು" ಎಂದರು ಮ್ಯಾಜಿಸ್ಟ್ರೇಟರು.

"ಕೇಳಿದ್ದ ಸುಳ್ಳ ಐತ್ರಿ. ಅದಕ್ಕ ಖರೆ ಉತ್ತರಾ ಎಲ್ಲಿಂದ ತರ್ಲಿ?"

"ಹೌದು, ಇಲ್ಲ, ಎರಡರಾಗ ಒಂದು ಹೇಳ್ರಿ."

"ಇಲ್ರಿ! ಇಲ್ಲ! ನಮ್ಮ ಏಳು ತಲಿಮಾರಿನ್ಯಾಗ ಇಲ್ಲ!"

ಅವಳು ಕಟಕಟೆಯಿಂದ ಇಳಿದು ಬಂದಳು. ಮುಗಿಯಿತು, ಎಲ್ಲ ಮುಗಿಯಿತು ಅನ್ನಿಸಿತು. ಪಟ್ಟೇವಾಲ ಪಾಂಡಪ್ಪನ ಹೆಸರು ಕೂಗಿದ. ಪಾಂಡಪ್ಪ ಒಳಗೆ ಬಂದ. ಅಕ್ಕನ ಕಡೆ ನೋಡಲಿಲ್ಲ, ಸಾವುಕಾರರಿಗೆ ಕೈಯನ್ನೂ ಮುಗಿಯಲಿಲ್ಲ. ಕುಲದೇವರು ಬೀರಪ್ಪನ ಹೆಸರಿನಲ್ಲಿ ಪ್ರಮಾಣ ಮಾಡಿ, ಪಾಂಡುರಂಗರಾಯರು ಕೇಳುವ ಮೊದಲೇ ಶುರು ಮಾಡಿದ.

"ತಗಡು ಸಾಲೀವ ರೀ. ಕುಡಚ್ಯಾಗ ಚಕ್ಕಡಿಗೆ ಹೇರಿದಾವ ನಾನ. 'ಸಾಲಿ ತಗಡು, ಜ್ವಾಕಿ' ಅಂತ ಸಾವುಕಾರ್ರ ಹೇಳಿದ್ರು. ಆಮ್ಯಾಲೆ ತಮ್ಮ ಗಾಣದ ಮನ್ಯಾಗ ಇಳಿಸಂದ್ರು. ಒಂದೊಂದರ ಮ್ಯಾಲೂ ಬೋರ್ಡಿನ ಕೆಂಪ ಶಿಕ್ಕಾ ಇತ್ತರಿ."

ವಿಜಾಪುರದ ವಕೀಲರು ಎದ್ದರು. "ಸಾವುಕಾರರ ಮನ್ಯಾಗ ಲಗ್ನದ ಊಟ ಉಂಡಿಲ್ಲೇನೋ ನೀ?"

"ಉಂಡೇನ್ರಿ, ಹೊಟ್ಟಿತುಂಬ."

"ಮತ್ತ ಈಗ ಅವರ ಮ್ಯಾಲೇ ಹೇಳತಿ?"

"ಈಗ ಅವರ ನಮ್ಮಕ್ಕನ ರೊಟ್ಟಿ ಉಂಡು, ಆಕೀನ ಕುರಿಗಳ್ಳಿ ಅನಿಸಿದ್ರಲ್ರಿ. ದೊಡ್ಡವರ ಹಂಗ ಮಾಡಿದ ಮ್ಯಾಲೆ ಉಪ್ಪಿನ ಭಾರ ನಾ ಒಬ್ಬನ ಯಾಕ ಹೊರ್ಲಿ? ತಗಡಿಂದ ಕೇಳ್ರಿ, ಹೇಳ್ತೀನಿ."

ಮಹಾಲಿಂಗಪ್ಪನವರ ಕೈ ಮೀಸೆಗೆ ಹೋಯಿತು.

"ಶಿಕ್ಕಾ ಎಲ್ಲಿ ಐತಿ ಈಗ?" ಎಂದು ಮ್ಯಾಜಿಸ್ಟ್ರೇಟರು ತಾವೇ ಕೇಳಿದರು.

"ಡಾಂಬರದ ಕೆಳಗ ಐತ್ರಿ. ಕೆರದು ನೋಡ್ರಿ. ಯಾರೂ ನೋಡಿಲ್ಲ ಅಷ್ಟ."

ಸಾಹೇಬರು ಪಂಚನಾಮೆಯ ಹಾಳೆಯನ್ನು ಹಿಂದೆ ಮುಂದೆ ತಿರುವಿದರು. ಕಪ್ಪು ತಗಡು ಎಂಬಲ್ಲಿ ಬೆರಳಿಟ್ಟು ಪೊಲೀಸರ ಕಡೆ ಒಂದು ನೋಟ ಬೀರಿದರು. ಆಮೇಲೆ ಬಹಳ ಹೊತ್ತು ಇಂಗ್ಲಿಷಿನಲ್ಲಿ ಬರೆದರು.

ಹೊರಗೆ ಬಂದ ಮೇಲೆ ಪಾಂಡುರಂಗರಾಯರು ಬಿಡಿಸಿ ಹೇಳಿದರು: ಕೋರ್ಟಿನವರು ಹೋಗಿ ತಗಡು ಕೆರೆದು ನೋಡುತ್ತಾರೆ. ಶಿಕ್ಕಾ ಕಂಡರೆ ಎಲ್ಲವನ್ನೂ ಇಳಿಸುತ್ತಾರೆ. ಇಡಲು ಕೋರ್ಟಿನಲ್ಲಿ ಜಾಗವಿಲ್ಲ. ಕೇಸು ಮುಗಿಯುವವರೆಗೆ ಹಟ್ಟಿಯ ಸಾಲಿಯ ತಾಬೆಗೆ. ಮಾಡಿನ ಮೇಲೆ ಹಾಕಿಕೊಳ್ಳಬಹುದು, ಆದರೆ ಒಂದೂ ಕಳೆಯಬಾರದು.

"ಮತ್ತ ಅವಂಗ ಶಿಕ್ಷಾ?"

"ಅದು ಇನ್ನ ಮುಂದ. ಸಾಕ್ಷಿ ಅವ, ವಾದ ಅದ, ಆಮ್ಯಾಲೆ ಅಪೀಲ ಅದ."

"ಅಷ್ಟರಾಗ ಅಂವ ಮಂತ್ರಿ ಆಗಿರ್ತಾನ್ರಿ!"

"ಆದ್ರೂ ತಾರೀಖಿಗೆ ಬರಬೇಕಾಗ್ತದ."

"ಬರೂದಷ್ಟ ಅಂದ್ರ ನಾನೂ ಬರ್ತೀನಲ್ರಿ, ಏನೂ ಕದೀದ!" ಎಂದಳು ಸುಂದರವ್ವ. ರಾಯರು ಕರಿ ಕೋಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋದರು.

ಕೋರ್ಟಿನ ಬೇಲಿಫ ಬಂದು ಏಣಿ ಹತ್ತಿ ಚಾಕುವಿನಿಂದ ಡಾಂಬರು ಕೆರೆದ ದಿನ ಹಾಲಹಟ್ಟಿಯ ಜನವೆಲ್ಲ ಗಾಣದ ಮನೆಯ ಮುಂದೆ ನೆರೆದಿತ್ತು. ಯಾರ ಎಮ್ಮೆಯೂ ಈಯುತ್ತಿರಲಿಲ್ಲ, ಯಾರ ಮಾವನಿಗೂ ಜ್ವರವಿರಲಿಲ್ಲ. ಕೆಂಪು ಶಿಕ್ಕಾ ಕಂಡಾಗ "ನಾ ಮದ್ಲ ಹೇಳಿದ್ನಿಲ್ಲ?" ಎಂದು ಒಬ್ಬೊಬ್ಬರೂ ಒಬ್ಬೊಬ್ಬರಿಗೆ ಹೇಳಿದರು. ಮೊಳೆ ಕೀಳಲು ಶಿದ್ರಾಮಪ್ಪನನ್ನೇ ಕರೆಸಿದ್ದರು. ಅವನು ಮೇಲೆ ಕುಳಿತು, ತಾನು ಹೊಡೆದ ಮೊಳೆ ಎಷ್ಟು ಗಟ್ಟಿ ನೋಡಿರಿ ಎಂದು ಹೊಗಳಿಕೊಳ್ಳುತ್ತಿದ್ದ.

ಮಹಾಲಿಂಗಪ್ಪನವರು ತಮ್ಮ ಮಾಡು ತಮ್ಮ ಕಣ್ಣೆದುರಿಗೇ ಇಳಿಯುತ್ತಿದ್ದರೂ ಮಗಳ ಲಗ್ನದಲ್ಲಿ ಓಡಾಡಿದಂತೆ ಓಡಾಡುತ್ತಿದ್ದರು. "ಆ ತಗಡು ಹುಷಾರಾಗಿ ಹಿಡೀರಿ, ಕೈ ಕೊಯ್ತೈತಿ... ಏ, ಎಲ್ಲಾರಿಗೂ ಕಬ್ಬಿನ ಹಾಲು ಕೊಡ್ರೋ." ಗಂಡಸರೆಲ್ಲ ಲೋಟದ ಕಡೆ ಒಮ್ಮೆ, ಸುಂದರವ್ವನ ಕಡೆ ಒಮ್ಮೆ ನೋಡಿದರು. ಪಾಂಡಪ್ಪ ಮಾತ್ರ ಯಾರನ್ನೂ ಕೇಳದೆ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ತಗಡಿಗೆ ಹೆಗಲು ಕೊಟ್ಟ.

ಚಕ್ಕಡಿ ತುಂಬಿದ ಮೇಲೆ ಸಾವುಕಾರರು ಸುಂದರವ್ವನ ಹತ್ತಿರ ಬಂದರು. "ಏನರೆ ಆಗ್ಲಿ ಸುಂದರಕ್ಕಾ, ಸಾಲಿಗೆ ಮಾಡ ಆತಲ್ಲ. ನನಗೂ ಸಂತೋಷ. ಉದ್ಘಾಟನಾ ಇಟ್ಕೊಂಡಾಗ ನನ್ನ ಕರೀರಿ ಮತ್ತ. ಬೋರ್ಡಿನ ಮೆಂಬರು ಅಂತ ಒಂದ ಮಾತು ಆಡಬೇಕಾಗ್ತೈತಿ."

ಸುಂದರವ್ವ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಬರೀ ಜಂತಿಯ ಮೇಲೆ ಕುಳಿತಿದ್ದ ಶಿದ್ರಾಮಪ್ಪ ಕೆಳಗೆ ಬಗ್ಗಿ, "ಕರದ್ರ ಛಲೋ ಆಗ್ತೈತವ್ವಾ, ಹಾರಾ ಪೇಢೆ ಅವರ ತರ್ತಾರ" ಎಂದ. ಇಬ್ಬರು ಮೂವರು ಹೌದು ಎಂದು ತಲೆಯಾಡಿಸಿದರು.

ಇವರನ್ನು ಕಟ್ಟಿಕೊಂಡು ಇನ್ನೆಷ್ಟು ಸಲ ಜಮಖಂಡಿಗೆ ಅಲೆಯಬೇಕೋ ಬೀರಪ್ಪನೇ ಬಲ್ಲ. ಸುಂದರವ್ವ ಚಕ್ಕಡಿಯ ಹಗ್ಗವನ್ನು ಒಮ್ಮೆ ಜಗ್ಗಿ ಬಿಗಿ ನೋಡಿದಳು.

"ಸಾವುಕಾರ್ರ, ಮದ್ಲ ನಿಮ್ಮನ್ನ ಕೋರ್ಟಿನವರ ಕರದಾರ. ಅಲ್ಲೀದು ಮುಗಿಸ್ಕೊಂಡ ಬರ್ರಿ" ಎಂದಳು. "ಪಾಂಡ್ಯಾ, ಎತ್ತು ಹೊಡಿಯೋ."