ಕಾಯಿ ಹಮ್ರಾಕುಲನ ಮಾತು

ಹಮ್ರಾಕುಲ್ ಮುದುಕನಿಗೆ ಚಹಾ ನೆತ್ತಿಗೇರಿದ್ದು ಅದು ಬಿಸಿಯಾಗಿತ್ತು ಅಂತಲ್ಲ. ತಾಷ್ಕೆಂಟಿನಿಂದ ಬಂದ ಸಿನಿಮಾದ ಹುಡುಗಿ ಮೌಜುದಾ ಓದುತ್ತಿದ್ದ ಹಾಳೆಯಲ್ಲಿ, ಅವನದಲ್ಲದೆ ಬೇರೆ ಯಾರ ಬಾಯಿಂದಲೂ ಬರಬಾರದಿದ್ದ ಮಾತೊಂದು ಅವನ ಹೆಂಡತಿಯ ಬಾಯಿಂದ ಬಂದಿತ್ತು.

ಚಾಯ್‌ಖಾನೆಯ ಅಗಲವಾದ ಮಂಚದ ಮೇಲೆ ಕೂತಿದ್ದವರೆಲ್ಲ ಅವನ ಬೆನ್ನು ತಟ್ಟಿದರು. ಅವನು ಕಣ್ಣೊರೆಸಿಕೊಂಡು ನಕ್ಕ. ಜೀವಮಾನವಿಡೀ ಜನರನ್ನು ನಗಿಸಿದವನಿಗೆ, ಒಳಗೆ ಎದೆ ಢವಢವ ಹೊಡೆದುಕೊಳ್ಳುವಾಗ ಮುಖದ ಮೇಲೊಂದು ನಗು ತಂದುಕೊಳ್ಳುವುದು ಯಾವ ಮಹಾ ಕೆಲಸ? ಮುಂದೆ ಓದು ಮಗಳೇ ಎಂದ. ಅವಳು ಓದಿದಳು. ಅವನ ಕಿವಿಗೆ ಒಂದಕ್ಷರವೂ ಬೀಳಲಿಲ್ಲ. ಹೇಳಿದವರು ಯಾರು, ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸಂಗತಿ ಇಷ್ಟು. ಕೋಕಂದದ ರಂಗಮಂದಿರದವರು ಹಮ್ರಾಕುಲನ ಬದುಕನ್ನೇ ಒಂದು ಹಾಡಿನ ನಾಟಕ ಮಾಡಿ ವರ್ಷಗಟ್ಟಲೆ ಆಡಿದ್ದರು. ಫರ್ಗಾನಾ ಕಣಿವೆಯಲ್ಲಿ ಅದನ್ನು ನೋಡದವರೇ ಇಲ್ಲ. ಈಗ ಅದನ್ನೇ ಸಿನಿಮಾ ಮಾಡಲು ಹೊರಟಿದ್ದರು. ನಾಟಕದ ಜೀವ ಇರುವುದು ಒಂದು ದೃಶ್ಯದಲ್ಲಿ. ಯುದ್ಧಕ್ಕೂ ಮೊದಲಿನ ಕಾಲ. ಶುಕ್ರವಾರದ ಚಾಯ್‌ಖಾನೆಯಲ್ಲಿ ಅಸ್ಕಿಯಾ ನಡೆದಿದೆ. ಅಸ್ಕಿಯಾ ಎಂದರೆ ಮಾತಿನ ಕುಸ್ತಿ. ಒಂದು ವಿಷಯ ಹಿಡಿದರೆ ಅದನ್ನು ಬಿಡದೆ, ಒಂದು ಮಾತಿಗೆ ಎರಡು ಅರ್ಥ ಬರುವಂತೆ ಒಬ್ಬರ ಕಾಲು ಇನ್ನೊಬ್ಬರು ಎಳೆಯಬೇಕು. ಉತ್ತರ ಹೊಳೆಯದವನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಗೆದ್ದವನಿಗೆ ಬಾಗಬೇಕು. ಅವತ್ತಿನ ವಿಷಯ ಖರ್ಬೂಜ. ಆ ಕಾಲದ ಹುಲಿ ಸೋತಿಬೊಲ್ದಿ, ಆಗಷ್ಟೇ ಮೀಸೆ ಮೂಡುತ್ತಿದ್ದ ಹಮ್ರಾಕುಲನನ್ನು ನೋಡಿ, "ನೀನಿನ್ನೂ ಕಾಯಿ ಕಣೋ, ನಿನ್ನ ಯಾರು ಕೊಯ್ತಾರೆ, ಹೋಗು" ಅಂದ. ಜನ ಬಿದ್ದೂ ಬಿದ್ದೂ ನಕ್ಕರು. ಹಮ್ರಾಕುಲ್ ಕದಲದೆ ಹೇಳಿದ:

"ನಾನು ಕಾಯಿ, ಸರಿ. ನೀವೂ ಕಾಯಿರಿ ಅಣ್ಣ. ನಾನು ಹಣ್ಣಾಗೋ ಹೊತ್ತಿಗೆ ನೀವು ಕೊಳೀದೆ ಇದ್ರೆ ಸಾಕು."

ಸೋತಿಬೊಲ್ದಿ ಬಾಯಿ ತೆರೆದ, ಮುಚ್ಚಿದ, ಕೊನೆಗೆ ಎದ್ದು ಎದೆಗೆ ಕೈಯಿಟ್ಟು ಬಾಗಿದ. ಅವತ್ತಿನಿಂದ ಇವನು ಕಾಯಿ ಹಮ್ರಾಕುಲ್. ಹಲ್ಲೆಲ್ಲ ಉದುರಿ ಹಣ್ಣು ಹಣ್ಣು ಮುದುಕನಾದ ಮೇಲೂ ಕಾಯಿ ಹಮ್ರಾಕುಲನೇ. ಮದುವೆಮನೆಗೆ ಹೋದರೆ ಪಲಾವಿನ ಮೊದಲ ತಟ್ಟೆ ಅವನ ಮುಂದೆ ಬರುವುದು ಆ ಒಂದು ಮಾತಿನ ದೆಸೆಯಿಂದ.

ಆ ಮಾತು ಅವನದಲ್ಲ.

ಅದನ್ನು ಹೇಳಿಕೊಟ್ಟವಳು ಹೆಂಡತಿ ಕುಮ್ರಿ. ಗುರುವಾರ ಸಂಜೆ, ನಾಳೆ ಸೋತಿಬೊಲ್ದಿಯ ಎದುರು ಮಾನ ಹೋಗುತ್ತದೆ, ಅವನು ಎಲ್ಲರನ್ನೂ ಕಾಯಿ ಕಾಯಿ ಅಂತ ಹಂಗಿಸುವವನು ಎಂದು ಇವನು ಗೋಳಾಡುತ್ತಿದ್ದಾಗ, ಪರದೆಯ ಆಚೆ ಹಿಟ್ಟು ನಾದುತ್ತಿದ್ದ ಅವಳು ತಲೆಯೆತ್ತದೆ ಅಂದ ಮಾತು ಅದು. ತಾಯಿ ಹೊರ ಅಂಗಳದಲ್ಲಿದ್ದಳು, ಒಳಗೆ ಮೂರನೆಯವರಿರಲಿಲ್ಲ. ಮಕ್ಕಳು ಆಗಲೂ ಇರಲಿಲ್ಲ, ಆಮೇಲೂ ಆಗಲಿಲ್ಲ. ಅವನು ಯಾರಿಗೂ ಹೇಳಲಿಲ್ಲ, ಅವಳೂ ಆ ಮಾತೆತ್ತಲಿಲ್ಲ. ನಾಟಕದಲ್ಲಿ ಕುಮ್ರಿಯ ಪಾತ್ರಕ್ಕೆ ಇರುವುದು ಒಂದು ಅಳು, ಒಂದು ಹಾಡು. ಮೊದಲ ಸಾಲಿನಲ್ಲಿ ಕೂತು ಆ ನಾಟಕ ನೋಡಿದಾಗಲೂ ಅವಳು ತುಟಿಪಿಟಕ್ಕೆನ್ನಲಿಲ್ಲ. ಹಾಗೆಯೇ ಮಣ್ಣಿಗೂ ಹೋದಳು.

ಈಗ ಮೌಜುದಾಳ ಹಾಳೆಯಲ್ಲಿ, ಪರದೆ, ಹಿಟ್ಟು, ಸಂಜೆ ಎಲ್ಲವೂ ಇತ್ತು. ಆ ಮಾತನ್ನು ಮೊದಲು ಕುಮ್ರಿ ಹೇಳುತ್ತಾಳೆ, ಮರುದಿನ ಹಮ್ರಾಕುಲ್ ಚಾಯ್‌ಖಾನೆಯಲ್ಲಿ ಒಪ್ಪಿಸುತ್ತಾನೆ, ಪಾಠ ಬಾಯಿಪಾಠ ಮಾಡಿದ ಶಾಲೆಯ ಪೋರನ ಹಾಗೆ. ನಾಟಕವಾದರೆ ಪರದೆ ಬಿದ್ದ ಮೇಲೆ ಜನ ಮರೆತಾರು. ಸಿನಿಮಾ ಹಾಗಲ್ಲ. ಇವನು ಸತ್ತ ಮೇಲೂ ಊರೂರಲ್ಲಿ ತೋರಿಸುತ್ತಾರೆ. ನಾಡಿದ್ದು ಅದೇ ದೃಶ್ಯದ ಚಿತ್ರೀಕರಣ. ಅಷ್ಟರೊಳಗೆ ಹೇಳಿದವರನ್ನು ಹಿಡಿದು, ಅದು ಸುಳ್ಳೆಂದು ಅವರ ಬಾಯಲ್ಲೇ ಹೇಳಿಸಿ, ಆ ದೃಶ್ಯ ತೆಗೆದುಹಾಕಿಸದಿದ್ದರೆ ತನ್ನ ಹೆಸರು ಮಣ್ಣುಪಾಲು ಎಂದು ಮುದುಕನಿಗೆ ಖಚಿತವಾಯಿತು.

ಮೊದಲ ಅನುಮಾನ ಮಾಮಾಸೋಲಿಯ ಮೇಲೆ. ಅಸ್ಕಿಯಾದಲ್ಲಿ ಹಮ್ರಾಕುಲನ ಜೊತೆಗಾರ, ಕುಡಿದರೆ ಬಾಯಿ ಸಡಿಲ. ಯಾವಾಗಲೋ ಪರದೆಯ ಹತ್ತಿರ ಕಿವಿಗೊಟ್ಟಿರಬೇಕು, ಕಳ್ಳ. ಹಮ್ರಾಕುಲ್ ಸೀದಾ ಅವನ ಮನೆಗೆ ಹೋದ. ಮಾಮಾಸೋಲಿ ದ್ರಾಕ್ಷಿಬಳ್ಳಿಯ ಕೆಳಗೆ ಕೂತಿದ್ದವನು ಇವನನ್ನು ನೋಡಿ ಸಲಾಂ ಹೇಳಿದ್ದೇ ಸಣ್ಣ ದನಿಯಲ್ಲಿ. ತಪ್ಪಿತಸ್ಥ, ನೋಡಿದರೇ ಗೊತ್ತಾಗುತ್ತದೆ, ಅಂದುಕೊಂಡ ಹಮ್ರಾಕುಲ್. ಸಿನಿಮಾದವರು ಬಂದಿದ್ದರಂತೆ ಎಂದು ಕೆದಕಿದ. ಬಂದಿದ್ದರು. ಏನು ಕೇಳಿದರು? ಏನೂ ಇಲ್ಲ. ಏನೂ ಕೇಳದೆ ಒಂದು ಮಧ್ಯಾಹ್ನ ಇಡೀ ಕೂತಿದ್ದರೇ? ಮಾಮಾಸೋಲಿ ಕಣ್ಣು ತಪ್ಪಿಸಿದ. ಇವನ ರಕ್ತ ಕುದಿಯಿತು.

"ನೋಡು, ನೀನೇ ಹೇಳಿದ್ದರೆ ಹೇಳಿಬಿಡು," ಅಂದ.

"ನಾನೂ ಅದನ್ನೇ ನಿನ್ನನ್ನ ಕೇಳೋಣ ಅಂತಿದ್ದೆ," ಅಂದ ಮಾಮಾಸೋಲಿ. "ನನ್ನ ಪಾತ್ರಾನ ಆ ಡೊಳ್ಳುಹೊಟ್ಟೆಯವನಿಗೆ ಕೊಡಿ ಅಂತ ನೀನೇ ತಾನೇ ಅವರ ಕಿವಿ ಊದಿದ್ದು? ನಾನು ಯಾವತ್ತು ಅಷ್ಟು ದಪ್ಪ ಇದ್ದೆ?"

ಮುದುಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ತಾನು ಬಂದದ್ದು ಬೇರೆ ಕೆಲಸಕ್ಕೆ ಎಂದು ಹಮ್ರಾಕುಲ್ ಹೇಳುವಂತಿಲ್ಲ. ಹೇಳಿದರೆ ಗುಟ್ಟು ತಾನೇ ಬಿಟ್ಟುಕೊಟ್ಟಂತೆ. ಡೊಳ್ಳುಹೊಟ್ಟೆಯ ವಿಚಾರ ತನಗೆ ಗೊತ್ತಿಲ್ಲವೆಂದು ರೊಟ್ಟಿ ಮುಟ್ಟಿ ಆಣೆ ಮಾಡಿ ಹೊರಬಿದ್ದ. ಮಾಮಾಸೋಲಿ ನಂಬಲಿಲ್ಲ.

ದಾರಿಯಲ್ಲಿ ಇನ್ನೊಂದು ಅನುಮಾನ ಹುಟ್ಟಿತು. ಅದು ಮೊದಲಿನದಕ್ಕಿಂತ ಕೆಟ್ಟದ್ದು. ಆ ಸಂಜೆ ಒಳಗಿದ್ದವರು ಇಬ್ಬರೇ. ತಾನು ಹೇಳಿಲ್ಲ. ಅಂದಮೇಲೆ ಕುಮ್ರಿಯೇ ಹೇಳಿದ್ದಾಳೆ. ಇವನು ಮದುವೆಮನೆಗಳಲ್ಲಿ ಮೆರೆಯುತ್ತಿದ್ದಾಗ ಅವಳು ಅಕ್ಕಪಕ್ಕದವರ ಜೊತೆ ಕೂತು, ಇವನೆಂಥ ಹಮ್ರಾಕುಲ್, ನಾನು ಬಡಿಸಿದ್ದನ್ನು ಉಣ್ಣುವವನು, ಎಂದು ಆಡಿಕೊಂಡು ನಕ್ಕಿದ್ದಾಳೆ. ಇಷ್ಟು ವರ್ಷ ಬೀದಿಯ ಹೆಂಗಸರು ಇವನಿಗೆ ನಮಸ್ಕಾರ ಮಾಡುವಾಗ ಸೆರಗಿನಡಿ ನಗುತ್ತಿದ್ದರು. ಮುದುಕನಿಗೆ ಸತ್ತವಳ ಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು, ಆದರೂ ಸಿಟ್ಟು ಹೋಗಲಿಲ್ಲ.

ಮರುದಿನ ಮೌಜುದಾ ಒಬ್ಬಳೇ ಸಿಕ್ಕಾಗ ಹಿಡಿದ. ಹಾಳೆ ಚೆನ್ನಾಗಿದೆ, ಕಲ್ಪನೆ ಜೋರಾಗಿದೆ ಎಂದು ಬೆಣ್ಣೆ ಹಚ್ಚಿದ. ಕುಮ್ರಿಯ ಕೈಯಲ್ಲಿ ಹಿಟ್ಟಿದ್ದದ್ದನ್ನು ಯಾರು ಹೇಳಿದರು ಎಂದು ಕೇಳಿದ. ಪರದೆ, ಹಿಟ್ಟು ಎಲ್ಲ ಊಹೆ ಅಜ್ಜ, ಸಂಜೆ ಹೊತ್ತು ಯಾವ ಮನೆಯಲ್ಲಿ ಹೆಂಗಸಿನ ಕೈಯಲ್ಲಿ ಹಿಟ್ಟಿರುವುದಿಲ್ಲ, ಅಂದಳು. ಮತ್ತೆ ಮಾತು?

"ಮಾತು ಕುಮ್ರಿ ಅಜ್ಜೀದು ಅಂತ ಇನಾಯತ್ ಅಜ್ಜಿ ಹೇಳಿದ್ರು," ಅಂದಳು ಹುಡುಗಿ. "ನಿಮ್ಮ ಬೀದಿ ಹೆಂಗಸರಿಗೆಲ್ಲ ಗೊತ್ತು. ನಿಮಗೆ ಗೊತ್ತಿಲ್ವಾ, ಅವರಿಗೆ ಗೊತ್ತು ಅಂತ?"

ಅವಳು ಕೇಳಿದ್ದರಲ್ಲಿ ಕುಹಕವಿರಲಿಲ್ಲ. ಇವನಿಗೆ ಮಾತ್ರ ಕುಹಕವೇ ಕೇಳಿಸಿತು.

ಇನಾಯತ್ ಎಂದರೆ ಗೋಡೆಯಾಚೆಯ ಮನೆಯವಳು, ಕುಮ್ರಿಯ ಜೊತೆಯಲ್ಲೇ ಆ ಬೀದಿಗೆ ಸೊಸೆಯಾಗಿ ಬಂದವಳು. ಹಳೆಯ ಕಾಲದ ಹಾಗೆ ಒಳ ಅಂಗಳ ಹೊರ ಅಂಗಳ ಬೇರೆಬೇರೆ ಉಳಿದಿರುವುದು ಅವಳ ಮನೆಯಲ್ಲಿ ಮಾತ್ರ. ಅದಕ್ಕೇ ಸಿನಿಮಾದವರು ಚಿತ್ರೀಕರಣಕ್ಕೆ ಅದನ್ನೇ ಆರಿಸಿದ್ದರು. ಹಮ್ರಾಕುಲ್ ಹೋದಾಗ ಒಳ ಅಂಗಳದಲ್ಲಿ ಹೆಂಗಸರು ಖರ್ಬೂಜ ಸೀಳಿ ಒಣಗಿಸಲು ಹಾಕುತ್ತಿದ್ದರು. ನಗು, ಗದ್ದಲ. ಅವನು ಗಂಡಸರು ನಿಲ್ಲಬೇಕಾದ ಕಡೆ ಬಾಗಿಲ ಹೊರಗೆ ನಿಂತು ಕೆಮ್ಮಿದ. ಒಳಗೆ ಗಪ್‌ಚಿಪ್ಪಾಯಿತು. ತನ್ನನ್ನೇ ಆಡಿಕೊಳ್ಳುತ್ತಿದ್ದರು, ಇನ್ನೇನು, ಎಂದುಕೊಂಡ. ಇನಾಯತ್ ಬಾಗಿಲಿಗೆ ಬಂದಳು, ಚಾಕು ಕೈಯಲ್ಲೇ ಇತ್ತು.

ಅವನು ಸುತ್ತುಬಳಸಿ ಹೇಳುವುದನ್ನು ಬಿಟ್ಟ. ಕುಮ್ರಿ ಆ ಗುರುವಾರದ ಸಂಜೆಯ ಮಾತನ್ನು ನಿಮ್ಮ ಹತ್ತಿರ ಬಂದು ಯಾವಾಗ ಹೇಳಿದಳು, ನನ್ನ ಬಗ್ಗೆ ಏನೇನು ಹೇಳಿ ನಕ್ಕಳು, ಹೇಳು ಎಂದ.

ಇನಾಯತ್ ಅವನ ಮುಖವನ್ನೇ ನೋಡಿದಳು.

"ಗುರುವಾರದ್ದು ನನಗೇನು ಗೊತ್ತು," ಅಂದಳು. "ನಾವು ಕೇಳಿದ್ದು ಅದಕ್ಕಿಂತ ಮೊದಲೇ. ಇದೇ ಅಂಗಳದಲ್ಲಿ, ಇದೇ ಕೆಲಸ ಮಾಡ್ತಾ. ಆಗ ನೀನು ಊರಲ್ಲೇ ಇರಲಿಲ್ಲ, ಮರ್ಗಿಲಾನಿಗೆ ಹೋಗಿದ್ದೆ."

"ಯಾರಿಗೆ ಹೇಳಿದಳು?"

"ನಿಮ್ಮಮ್ಮನಿಗೆ."

ಇನಾಯತ್ ದನಿ ತಗ್ಗಿಸಿ ಹೇಳಿದಳು. ಅವನ ತಾಯಿ ಒಂದು ಖರ್ಬೂಜವನ್ನು ಕೈಗೆತ್ತಿಕೊಂಡು, ಬೀದಿಯ ಹೆಂಗಸರೆಲ್ಲರ ಮುಂದೆ, ಇದು ನೋಡಿ ನಮ್ಮ ಸೊಸೆಯ ಹಾಗೆ, ಇನ್ನೂ ಕಾಯಿ, ಇದು ಹಣ್ಣಾಗುವ ಜಾತಿಯಲ್ಲ, ಅಂದಿದ್ದಳಂತೆ. ಕುಮ್ರಿ ಚಾಕು ಕೆಳಗಿಟ್ಟು, ನಗುನಗುತ್ತಲೇ, ನಾನು ಕಾಯಿ, ಸರಿ, ನೀವೂ ಕಾಯಿರಿ ಅತ್ತೆ, ಅಂದಳು. ಮಿಕ್ಕದ್ದನ್ನು ಇನಾಯತ್ ಹೇಳುವುದು ಬೇಕಿರಲಿಲ್ಲ. ಅದು ಇಡೀ ಕಣಿವೆಗೆ ಗೊತ್ತಿತ್ತು.

ಅವನಿಗೆ ಆ ಚಳಿಗಾಲ ನೆನಪಾಯಿತು. ತಾಯಿ ಕುಮ್ರಿಯ ಕೈಯಿಂದ ಚಹಾ ಕೂಡ ತೆಗೆದುಕೊಳ್ಳುತ್ತಿರಲಿಲ್ಲ, ಹೊರ ಅಂಗಳದ ಕೋಣೆಯಲ್ಲೇ ಮಲಗುತ್ತಿದ್ದಳು. ಅತ್ತೆ ಸೊಸೆ ಜಗಳ, ಎಣ್ಣೆಯದೋ ಸೌದೆಯದೋ ಇರಬೇಕು ಎಂದು ಇವನು ಕೇಳಿರಲೇ ಇಲ್ಲ. ಆಮೇಲೊಂದು ದಿನ ತಾನಾಗಿಯೇ ಸರಿಹೋಗಿತ್ತು.

"ತಾನಾಗೇ ಎಲ್ಲಿ ಸರಿಹೋಗುತ್ತೆ," ಅಂದಳು ಇನಾಯತ್. "ಆ ಮಾತು ನಿನ್ನ ಬಾಯಿಂದ ಬಂದರೆ ನಿಮ್ಮಮ್ಮ ಬೈಯೋ ಹಾಗಿಲ್ಲ, ಅದಕ್ಕೇ ನಿನಗೆ ಕೊಟ್ಟಳು. ಶುಕ್ರವಾರ ಆಯ್ತು, ಊರೆಲ್ಲ ನಕ್ಕಿತು. ಶನಿವಾರ ನಿಮ್ಮಮ್ಮ ಇಲ್ಲಿಗೆ ಬಂದು, ನನ್ನ ಮಗ ಏನಂದ ಕೇಳಿದಿರಾ ಅಂತ ಅದೇ ಮಾತನ್ನ ನಮಗೇ ಹೇಳಿ ನಕ್ಕಳು. ನಾವು ತುಟಿ ಕಚ್ಚಿಕೊಂಡು ಕೇಳಿದ್ವಿ. ಕುಮ್ರಿನೂ ಇದ್ದಳು. ಅವತ್ತು ನಿಮ್ಮಮ್ಮ ಅವಳ ಕೈಲಿ ಚಹಾ ಕುಡಿದಳು."

ಇಷ್ಟು ವರ್ಷ ಒಬ್ಬರೂ ಬಾಯಿಬಿಡಲಿಲ್ಲ, ಅವಳು ಆಣೆ ಹಾಕಿಸಿದ್ದಳೇ ಎಂದು ಕೇಳಿದ ಹಮ್ರಾಕುಲ್.

"ಆಣೆ ಯಾಕೆ? ಕೇಳಿದ್ದರೆ ಹೇಳ್ತಿದ್ವಿ. ಯಾರು ಕೇಳಿದ್ರಿ? ಈ ಹುಡುಗಿ ಬಂದು ಕೇಳಿದಳು, ಹೇಳಿದೆ. ನಿಮ್ಮಮ್ಮನ ವಿಷಯ ಮಾತ್ರ ಹೇಳಲಿಲ್ಲ. ಸತ್ತವರ ಮಾತು, ಪಾಪ."

ಕುಮ್ರಿ ಇವನನ್ನು ಆಡಿಕೊಂಡು ನಕ್ಕಿದ್ದಳೇ ಎಂಬುದರ ಬಗ್ಗೆ ಅವಳು ಏನೂ ಹೇಳಲಿಲ್ಲ. ನಿನ್ನೆಯಿಂದ ಅವನ ಎದೆಯನ್ನು ಕೊರೆಯುತ್ತಿದ್ದ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲು ಅವನಿಗೆ ಮುಖ ಇರಲಿಲ್ಲ.

ಮಾರನೆಯ ದಿನ ಅದೇ ಅಂಗಳದಲ್ಲಿ ದೀಪ, ತಂತಿ, ಕ್ಯಾಮೆರಾ. ನಾಟಕದಲ್ಲಿ ಒಬ್ಬ ಮುದುಕ ಪಕ್ಕದಲ್ಲಿ ಕೂತು ತನ್ನ ಯೌವನದ ಕಥೆ ನಡೆಯುವುದನ್ನು ನೋಡುತ್ತಾ ತಲೆದೂಗುತ್ತಾನೆ. ಸಿನಿಮಾದಲ್ಲಿ ಆ ಮುದುಕ ಸ್ವತಃ ಹಮ್ರಾಕುಲನೇ. ಅವನು ಬಂದವನೇ ಮೌಜುದಾಳನ್ನು ಬದಿಗೆ ಕರೆದ. ದೃಶ್ಯ ತೆಗೆದುಹಾಕಿಸಲು ಬಂದಿದ್ದಾನೆ ಎಂದು ಅವಳ ಮುಖ ಬಾಡಿತು.

"ಇದು ಮೊದಲು ನಡೆದದ್ದು ಮನೆಯೊಳಗಲ್ಲ ಮಗಳೇ," ಅಂದ ಅವನು. "ಮೊದಲು ಹೇಳಿದ್ದು ನನಗೂ ಅಲ್ಲ. ಹಿಟ್ಟು ತೆಗೆಸು, ಖರ್ಬೂಜ ತರಿಸು. ಇನಾಯತಳನ್ನ ನಮ್ಮಮ್ಮನ ಜಾಗದಲ್ಲಿ ಕೂರಿಸು. ಏನು ಅನ್ನಬೇಕು ಅಂತ ಅವಳಿಗೆ ಗೊತ್ತು."

ನಿರ್ದೇಶಕ ಗೊಣಗಿದ, ಗಡಿಯಾರ ನೋಡಿದ. ಮೌಜುದಾ ಅವನನ್ನು ಹೇಗೋ ಒಪ್ಪಿಸಿದಳು. ಬೀದಿಯ ಹೆಂಗಸರು ಚಾಕು ಹಿಡಿದು ಸುತ್ತ ಕೂತರು, ಅವರಿಗೆ ಅಭಿನಯ ಹೇಳಿಕೊಡಬೇಕಾಗಲಿಲ್ಲ. ಇನಾಯತ್ ಕಾಯಿ ಎತ್ತಿ ಹಿಡಿದು, ಹಮ್ರಾಕುಲನ ತಾಯಿಯ ದನಿಯಲ್ಲೇ ಆ ಮಾತು ಅಂದಳು. ಕುಮ್ರಿಯ ಪಾತ್ರದ ಹುಡುಗಿ ಚಾಕು ಕೆಳಗಿಟ್ಟಳು.

"ನಾನು ಕಾಯಿ, ಸರಿ. ನೀವೂ ಕಾಯಿರಿ ಅತ್ತೆ. ನಾನು ಹಣ್ಣಾಗೋ ಹೊತ್ತಿಗೆ ನೀವು ಕೊಳೀದೆ ಇದ್ರೆ ಸಾಕು."

ಹೆಂಗಸರು ನಕ್ಕರು. ಅದು ಸಿನಿಮಾಕ್ಕಾಗಿ ನಕ್ಕ ನಗುವಲ್ಲ. ಬಾಗಿಲ ಬಳಿ ಕೂತು ತಲೆದೂಗಬೇಕಿದ್ದ ಮುದುಕ, ಮಂಡಿ ಹಿಡಿದುಕೊಂಡು, ಬಾಗಿಲ ಕಂಬ ಹಿಡಿದುಕೊಂಡು ಎದ್ದು ನಿಂತ. ಎದೆಯ ಮೇಲೆ ಕೈಯಿಟ್ಟು ಆ ಹುಡುಗಿಯ ಕಡೆಗೆ ಬಾಗಿದ, ಬಾಗಿದವನು ಬೇಗ ತಲೆಯೆತ್ತಲಿಲ್ಲ.

ನಿರ್ದೇಶಕ ಕ್ಯಾಮೆರಾ ನಿಲ್ಲಿಸಿದ. ಅಜ್ಜ, ನೀವು ಕೂತೇ ಇರಬೇಕು ಅಂತ ಹೇಳಿರಲಿಲ್ಲವೇ, ಯಾಕೆ ಎದ್ದಿರಿ ಎಂದು ಕೇಳಿದ.

"ಸೋತವನು ಏಳಬೇಕಲ್ಲಪ್ಪ," ಅಂದ ಹಮ್ರಾಕುಲ್. "ಆಗಲೇ ತುಂಬ ತಡವಾಗಿದೆ."